ಬೆಂಗಳೂರಿಂದ ಬೆಳಗಾವಿ ತನಕ ಮೂರು ದಿನ: ಯಾವ ಊರಲ್ಲಿ, ಯಾವ ಹೊತ್ತಿಗೆ, ಏನು ತಿನ್ನಬೇಕು

ನಮಸ್ಕಾರ ಸರ್. ನಿಮ್ಮ ಪ್ರಶ್ನೆ ಓದಿದೆ. ಶುಕ್ರವಾರ ಬೆಂಗಳೂರಿಂದ ಕಾರಿನಲ್ಲಿ ಹೊರಟು ಭಾನುವಾರ ರಾತ್ರಿ ಮನೆ ಸೇರಬೇಕು. ನೀವಿಬ್ಬರು, ಮಗಳು, ಜೊತೆಗೆ ಖಾರ ಆಗದ ಅಮ್ಮ. ದಾವಣಗೆರೆ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಗೋಕಾಕ ಐದೂ ಊರಲ್ಲಿ ತಿಂದು ಬರಲು ಆಗುತ್ತದಾ ಅಂತ ಕೇಳಿದ್ದೀರಿ. ಮೊದಲ ನಾಲ್ಕು ಊರು ಆರಾಮಾಗಿ ಆಗುತ್ತವೆ. ಗೋಕಾಕದ ವಿಷಯ ಕೊನೆಗೆ ಹೇಳುತ್ತೇನೆ. ನಾನು ಹಾವೇರಿ ಕಡೆಯವನು, ಇರೋದು ಹುಬ್ಬಳ್ಳಿಯಲ್ಲಿ, ಹಾಗಾಗಿ ಈ ರಸ್ತೆ ಚೆನ್ನಾಗಿ ರೂಢಿ ಇದೆ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಹಂಚಿ ಪ್ಲಾನ್ ಕೊಟ್ಟಿದ್ದಾರೆ. ಡ್ರೈವಿಂಗ್ ಮಟ್ಟಿಗೆ ಅದು ಸರಿ. ಆದರೆ ಅದರ ಪ್ರಕಾರ ಹೋದರೆ ನೀವು ದಾವಣಗೆರೆಗೆ ಮಧ್ಯಾಹ್ನ ಮೂರಕ್ಕೆ, ಧಾರವಾಡಕ್ಕೆ ರಾತ್ರಿ ಎಂಟಕ್ಕೆ ಮುಟ್ಟುತ್ತೀರಿ. ಊರು ನೋಡಿದ ಹಾಗೆ ಆಗುತ್ತದೆ, ತಿಂದ ಹಾಗೆ ಆಗಲ್ಲ. ನಮ್ಮ ಕಡೆ ಒಂದೊಂದು ತಿಂಡಿಗೂ ಅದರದೇ ಹೊತ್ತು ಇದೆ. ಆ ಹೊತ್ತಿಗೆ ಬಾಣಲೆ ಬಿಸಿ ಇರುತ್ತದೆ, ಜನ ಇರುತ್ತಾರೆ, ಮಾಡಿದ್ದು ಮಾಡಿದ ಹಾಗೇ ಖಾಲಿ ಆಗುತ್ತಿರುತ್ತದೆ. ಅದಕ್ಕೇ ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಿ, ರಸ್ತೆಯನ್ನು ಅದಕ್ಕೆ ಹೊಂದಿಸಿ.

ಶುಕ್ರವಾರ ಬೆಳಿಗ್ಗೆ ಐದಕ್ಕೆ ಮನೆ ಬಿಡಿ. ದಾವಣಗೆರೆಗೆ ಸುಮಾರು 265 ಕಿ.ಮೀ. ನೆಲಮಂಗಲ ದಾಟಿದ ಮೇಲೆ ರಸ್ತೆ ಚೆನ್ನಾಗಿದೆ. ಮಧ್ಯೆ ಒಂದು ಟೀ ಕುಡಿದರೂ ಒಂಬತ್ತೂವರೆ, ಹತ್ತರೊಳಗೆ ಮುಟ್ಟುತ್ತೀರಿ. ದಾರಿಯಲ್ಲಿ ಚಿತ್ರದುರ್ಗದ ಕೋಟೆ ಕಾಣುತ್ತದೆ, ಮಗಳು ಹೋಗೋಣ ಅನ್ನಬಹುದು. ಈ ಸಲ ಬೇಡ. ಆ ಕೋಟೆಗೆ ಅರ್ಧ ದಿನವಾದರೂ ಕೊಡಬೇಕು, ಅದಕ್ಕೆ ಬೇರೆಯೇ ಪ್ರಯಾಣ ಮಾಡಿ. ಹೈವೇ ಪಕ್ಕದಲ್ಲಿ 'ದಾವಣಗೆರೆ ಬೆಣ್ಣೆ ದೋಸೆ' ಅಂತ ಬೋರ್ಡ್ ಕಂಡರೂ ನಿಲ್ಲಿಸಬೇಡಿ. ಬೈಪಾಸ್ ಬಿಟ್ಟು ಊರೊಳಗೆ ಹೋಗಿ. ಹಳೆಯ ಹೋಟೆಲುಗಳಲ್ಲಿ ಇವತ್ತಿಗೂ ಸೌದೆ ಒಲೆಯ ಮೇಲೆ ದೊಡ್ಡ ಕಾವಲಿ ಇಟ್ಟು ಹುಯ್ಯುತ್ತಾರೆ. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯೂ ಸೇರುತ್ತದೆ. ಅದಕ್ಕೇ ಅಂಚು ಗರಿಗರಿ, ಒಳಗೆ ಮೆತ್ತಗೆ. ಜೊತೆಗೆ ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಸಾಂಬಾರ್ ಕೇಳಬೇಡಿ, ಇದಕ್ಕೆ ಅದು ಬೇಕಾಗಲ್ಲ.

ದೋಸೆ ಸಣ್ಣದಿರುತ್ತದೆ, ಬೆಣ್ಣೆ ಧಾರಾಳ. ಒಬ್ಬರಿಗೆ ಒಂದೊಂದು ಬೆಣ್ಣೆ ದೋಸೆ ಹೇಳಿ, ಆಮೇಲೆ ಒಂದೋ ಎರಡೋ ಖಾಲಿ ದೋಸೆ ತರಿಸಿ ಹಂಚಿಕೊಳ್ಳಿ. ಅಮ್ಮನಿಗೆ ಖಾಲಿ ದೋಸೆಯೇ ಒಳ್ಳೆಯದು, ಹೊಟ್ಟೆಗೆ ಹಗುರ. ಪಾರ್ಸಲ್ ಮಾತ್ರ ಮಾಡಿಸಬೇಡಿ. ಕಾವಲಿಯಿಂದ ಇಳಿದ ಐದು ನಿಮಿಷದಲ್ಲಿ ತಿಂದರಷ್ಟೇ ಅದು ಬೆಣ್ಣೆ ದೋಸೆ.

ದಾವಣಗೆರೆಯಿಂದ ಹುಬ್ಬಳ್ಳಿಗೆ ಇನ್ನೂ 150 ಕಿ.ಮೀ. ಹತ್ತಿರ ಇದೆ. ರಾಣೆಬೆನ್ನೂರು ದಾಟಿ ಹಾವೇರಿಗೆ ಮೊದಲು ಮೋಟೆಬೆನ್ನೂರು ಸಿಗುತ್ತದೆ. ಅಲ್ಲಿಂದ ಹೈವೇ ಬಿಟ್ಟು ಸ್ವಲ್ಪ ಒಳಗೆ ಹೋದರೆ ಬ್ಯಾಡಗಿ. ಅಡುಗೆಯಲ್ಲಿ ಆಸಕ್ತಿ ಇದ್ದವರು ಇಲ್ಲಿಗೆ ಹೋಗಲೇಬೇಕು ಅನ್ನುವುದು ನನ್ನ ಆಸೆ. ಇಲ್ಲಿನ ಒಣ ಮೆಣಸಿನಕಾಯಿ ಮಾರುಕಟ್ಟೆ ಜೋರಾಗಿ ನಡೆಯೋದು ಸೋಮವಾರ ಮತ್ತು ಗುರುವಾರ. ಸುಗ್ಗಿ ಕಾಲದಲ್ಲಿ, ಅಂದರೆ ಡಿಸೆಂಬರ್ ಕಳೆದ ಮೇಲೆ ಬೇಸಿಗೆ ಶುರುವಾಗುವ ತನಕ, ಊರಿಗೆ ಊರೇ ಕೆಂಪಾಗಿ ಕಾಣುತ್ತದೆ. ನಿಮ್ಮದು ಶುಕ್ರವಾರ ಆದ್ದರಿಂದ ಹರಾಜು ನೋಡೋಕೆ ಸಿಗಲ್ಲ, ಅಂಗಡಿಯಲ್ಲಿ ಮೆಣಸಿನಕಾಯಿ ಸಿಗುತ್ತದೆ. ಒಂದು ದಿನ ಮುಂಚೆ ಹೊರಡೋಕೆ ರಜೆ ಸಿಕ್ಕರೆ ಗುರುವಾರವೇ ಹೊರಡಿ.

ತಗೊಳ್ಳುವಾಗ 'ಡಬ್ಬಿ' ಕೇಳಿ. 'ಕಡ್ಡಿ' ಉದ್ದಕ್ಕೆ, ತೆಳ್ಳಗೆ ಇರುತ್ತದೆ. ಡಬ್ಬಿ ಗುಂಡಗೆ, ದಪ್ಪಗೆ, ಮೈಯೆಲ್ಲ ಸುಕ್ಕು. ಬಣ್ಣ ಜಾಸ್ತಿ, ಖಾರ ಕಮ್ಮಿ. ಖಾರ ಆಗದ ನಿಮ್ಮ ಅಮ್ಮನ ಅಡುಗೆಗೆ ಇದೇ ಸರಿ. ಸಾರು, ಪಲ್ಯ ಕೆಂಪಗೆ ಕಂಡರೂ ಬಾಯಿ ಉರಿಯಲ್ಲ. ಒಂದು ಹಿಡಿ ಕೈಗೆ ತಗೊಂಡು ನೋಡಿ. ಅಂಗೈಗೆ ಎಣ್ಣೆ ಅಂಟಿದರೆ ಬಿಟ್ಟುಬಿಡಿ, ಅದು ಹೊಳಪಿಗೆ ಹಚ್ಚಿದ್ದು. ಒದ್ದೆ ಒದ್ದೆ ಅನಿಸಿದರೂ ಬೇಡ, ತೂಕಕ್ಕೆ ನೀರಿನ ದುಡ್ಡು ಕೊಟ್ಟ ಹಾಗೆ ಆಗುತ್ತದೆ, ಮನೆಗೆ ತಂದ ಮೇಲೆ ಬೂಸ್ಟು ಹಿಡಿಯುತ್ತದೆ. ತೊಟ್ಟು ಇರುವುದನ್ನೇ ತಗೊಳ್ಳಿ. 2011ರಲ್ಲಿ ಇದಕ್ಕೆ ಜಿಐ ಟ್ಯಾಗ್, ಅಂದರೆ ಈ ಸೀಮೆಯದೇ ಅನ್ನುವ ಗುರುತು, ಸಿಕ್ಕಿದೆ, ಹಾಗಂತ ಬ್ಯಾಡಗಿ ಹೆಸರಲ್ಲಿ ಬೇರೆ ಕಾಯಿ ಮಾರೋದು ನಿಂತಿಲ್ಲ. ಊರಿಗೇ ಹೋಗಿ ತಗೊಳ್ಳಿ ಅನ್ನೋದು ಅದಕ್ಕೇ.

ಹುಬ್ಬಳ್ಳಿಗೆ ಮಧ್ಯಾಹ್ನ ಎರಡರ ಒಳಗೆ ಬನ್ನಿ. ಇದು ಮುಖ್ಯ. ಖಾನಾವಳಿ ಊಟ ಮಧ್ಯಾಹ್ನದ್ದೇ ಚೆಂದ. ಮೂರರ ಮೇಲೆ ಬಂದರೆ ಉಳಿದ ಪಲ್ಯ, ಆರಿದ ರೊಟ್ಟಿ. ಸಮಯಕ್ಕೆ ಸರಿಯಾಗಿ ಬಂದರೆ ಒಳಗೆ ಬಡಿಯುವ ಸಪ್ಪಳ ಕೇಳುತ್ತಿರುತ್ತದೆ, ಬಿಸಿ ಜೋಳದ ರೊಟ್ಟಿ ಒಂದಾದ ಮೇಲೊಂದು ತಟ್ಟೆಗೆ ಬರುತ್ತಿರುತ್ತದೆ. ಬದನೆಕಾಯಿ ಎಣ್ಣೆಗಾಯಿ, ಒಂದು ಕಾಳು ಪಲ್ಯ, ಒಂದು ಸೊಪ್ಪಿನ ಪಲ್ಯ, ಕೆಲವು ಕಡೆ ಝುಣಕ (ಕಡಲೆಹಿಟ್ಟಿನ ಪಲ್ಯ). ಪಕ್ಕಕ್ಕೆ ಶೇಂಗಾ ಚಟ್ನಿ, ಗುರೆಳ್ಳು (ಹುಚ್ಚೆಳ್ಳು) ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ. ಹಸಿ ಮೆಂತ್ಯ ಸೊಪ್ಪು ಇಟ್ಟರೆ ಅಲಂಕಾರ ಅಂತ ಪಕ್ಕಕ್ಕೆ ಸರಿಸಬೇಡಿ. ರೊಟ್ಟಿ ತುಣುಕಿನ ಜೊತೆ ಹಾಗೇ ಅಗಿಯಿರಿ.

ಅಮ್ಮನಿಗೆ ಶೇಂಗಾ ಚಟ್ನಿಯನ್ನು ಮೊಸರಲ್ಲಿ ಕಲಸಿ ಕೊಡಿ, ಖಾರ ತಗ್ಗುತ್ತದೆ. ಅನ್ನ ಸಾರು ಕೊನೆಗೆ ಬರುತ್ತದೆ, ಅದಕ್ಕೆ ಅಂತ ಹೊಟ್ಟೆ ಉಳಿಸಬೇಕಾಗಿಲ್ಲ. ಎ.ಸಿ. ಇರುವ ದೊಡ್ಡ ಹೋಟೆಲಿನಲ್ಲಿ 'ಉತ್ತರ ಕರ್ನಾಟಕ ಥಾಲಿ' ಅಂತ ಸಿಗುತ್ತದೆ, ಕೂರೋಕೆ ಆರಾಮ. ಆದರೆ ಊಟಕ್ಕೆ ನನ್ನ ಓಟು ಖಾನಾವಳಿಗೇ. ಅಲ್ಲಿ ರೊಟ್ಟಿ ತಟ್ಟುವ ಹೆಣ್ಮಕ್ಕಳ ಕೈಗುಣಕ್ಕೆ ಸಮ ಬೇರೆ ಇಲ್ಲ. ಮೂರು ಬೆರಳಲ್ಲಿ ಎತ್ತಿದರೂ ರೊಟ್ಟಿ ಮುರಿಯಲ್ಲ, ಅಷ್ಟು ಮೆತ್ತಗೆ ಇರುತ್ತದೆ. ಅವರನ್ನು ಮಾತಾಡಿಸಿ ಬನ್ನಿ, ಖುಷಿ ಪಡುತ್ತಾರೆ.

ಆಮೇಲೆ ಲಾಡ್ಜಿಗೆ ಹೋಗಿ ಸುಮ್ನೆ ಮಲಗಿ. ಐದೂವರೆಗೆ ಎದ್ದು ದುರ್ಗದ ಬೈಲಿಗೆ ಆಟೋದಲ್ಲಿ ಹೋಗಿ. ಕಾರು ತಗೊಂಡು ಹೋದರೆ ನಿಲ್ಲಿಸೋಕೆ ಜಾಗ ಹುಡುಕುವುದರಲ್ಲೇ ಸಂಜೆ ಕಳೆಯುತ್ತದೆ. ಅಲ್ಲಿ ಗಿರ್ಮಿಟ್ ತಿನ್ನಬೇಕು. ಈರುಳ್ಳಿ, ಟೊಮೆಟೊ ಬಾಡಿಸಿ ಹುಣಸೆಹಣ್ಣು, ಬೆಲ್ಲ ಹಾಕಿ ಮಾಡಿದ ಗೊಜ್ಜನ್ನು ಚುರುಮುರಿಗೆ, ಅಂದರೆ ಮಂಡಕ್ಕಿಗೆ ಕಲಸಿ, ಪುಠಾಣಿ (ಹುರಿಗಡಲೆ) ಹಿಟ್ಟು ಉದುರಿಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಹಾಕಿ ಕೊಡುತ್ತಾರೆ. ಪಕ್ಕಕ್ಕೆ ಬಿಸಿ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ. ಕಲಸಿದ ತಕ್ಷಣ ತಿನ್ನಬೇಕು, ತಡ ಮಾಡಿದರೆ ಚುರುಮುರಿ ಮೆತ್ತಗಾಗುತ್ತದೆ. ಅದಕ್ಕೇ ನಾಲ್ಕೂ ಜನಕ್ಕೆ ಒಟ್ಟಿಗೆ ಹೇಳಬೇಡಿ. ಎರಡು ಹೇಳಿ, ಮುಗಿಸಿ, ಮತ್ತೆ ಹೇಳಿ. ಮಗಳಿಗೆ ಮಿರ್ಚಿ ಬದಲು ಆಲೂ ಬೋಂಡಾ ಇರಲಿ.

ಮಾಂಸ ತಿನ್ನುವವರಾದರೆ ರಾತ್ರಿ ಸಾವಜಿ ಸಮುದಾಯದವರ ಖಾನಾವಳಿಗೆ ಹೋಗಿ. ಮಟನ್ ಸಾರಿನ ಮೇಲೆ ಕೆಂಪು ಎಣ್ಣೆ ತೇಲುತ್ತಿರುತ್ತದೆ, ಖಾರ ನಿಜವಾಗಿಯೂ ಖಾರವೇ. ಅಮ್ಮನನ್ನು ಕರೆದುಕೊಂಡು ಹೋಗಬೇಡಿ. ಅವರಿಗೆ ಲಾಡ್ಜ್ ಹತ್ತಿರವೇ ಇಡ್ಲಿಯೋ ಮೊಸರನ್ನವೋ ಸಿಗುತ್ತದೆ.

ಶನಿವಾರ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಒಗ್ಗರಣೆ, ಮಿರ್ಚಿ ತಿಂದು ಎಂಟೂವರೆಗೆ ಧಾರವಾಡಕ್ಕೆ ಹೊರಡಿ. ಒಗ್ಗರಣೆ ಅಂದರೆ ಇಲ್ಲಿ ಚುರುಮುರಿಯನ್ನು ನೆನೆಸಿ ಹಿಂಡಿ ಒಗ್ಗರಣೆ ಹಾಕಿದ್ದು, ಅಮ್ಮನೂ ತಿನ್ನಬಹುದು. ಧಾರವಾಡ 20 ಕಿ.ಮೀ. ಬೈಪಾಸ್ ಬೇಡ, ಉಣಕಲ್, ನವನಗರ ಮೂಲಕ ಊರೊಳಗಿನ ರಸ್ತೆಯಲ್ಲೇ ಹೋಗಿ. ನಡುವಿನ ಲೇನ್ ಚಿಗರಿ ಬಸ್ಸಿಗೆ ಮೀಸಲು, ಅದರೊಳಗೆ ಕಾರು ನುಗ್ಗಿಸಬೇಡಿ. ಹೊಸಬರು ಸಿಗ್ನಲ್ ಹತ್ತಿರ ಗೊಂದಲ ಆಗಿ ಒಳಗೆ ಹೋಗಿಬಿಡುತ್ತಾರೆ. ಉಣಕಲ್ಲಿನಲ್ಲಿ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇದೆ, ರಸ್ತೆಗೆ ಹತ್ತಿರವೇ. ಅರ್ಧ ಗಂಟೆ ಕೊಡಿ.

ಧಾರವಾಡದಲ್ಲಿ ಲೈನ್ ಬಜಾರಿನ ಠಾಕೂರ್ ಪೇಡೆ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದು ನೆಲೆಸಿದ ಮನೆತನ ಶುರು ಮಾಡಿದ್ದು. ಖೋವಾಕ್ಕೆ ಸಕ್ಕರೆ ಹಾಕಿ, ಕಂದು ಬಣ್ಣ ಬರುವ ತನಕ ಸಣ್ಣ ಉರಿಯಲ್ಲಿ ಹುರಿದು, ಉಂಡೆ ಮಾಡಿ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಬೆಳಿಗ್ಗೆಯೇ ಹೋಗಿ. ಸರದಿ ಇರುತ್ತದೆ, ಮಾಡಿದ್ದು ಬೇಗ ಮುಗಿದುಹೋಗುವುದೂ ಉಂಟು. ಮಿಶ್ರಾ ಪೇಡೆ ಹೆಚ್ಚು ಕಡೆ ಸಿಗುತ್ತದೆ, ಅದನ್ನೂ ತಗೊಂಡು ಎರಡನ್ನೂ ಜೊತೆಗಿಟ್ಟು ರುಚಿ ನೋಡಿ. ಮಗಳಿಗೆ ಯಾವುದು ಇಷ್ಟ ಆಯಿತು ಅಂತ ಇಲ್ಲಿ ಬಂದು ಹೇಳಿ. ನನಗೆ ಠಾಕೂರರದೇ ಹುರಿದ ಘಮ ಜಾಸ್ತಿ ಅನಿಸುತ್ತದೆ. ಸಮಯ ಇದ್ದರೆ ಸಾಧನಕೇರಿಗೆ ಹೋಗಿ ಬನ್ನಿ, ಬೇಂದ್ರೆಯವರ ಮನೆ ಅಲ್ಲೇ ಇದೆ.

ಧಾರವಾಡ ಬಿಟ್ಟು ಬೆಳಗಾವಿ ಕಡೆ ಹೋಗುವಾಗ ಕಿತ್ತೂರು ಹೈವೇ ಪಕ್ಕದಲ್ಲೇ ಸಿಗುತ್ತದೆ. 1824ರಲ್ಲಿ ರಾಣಿ ಚೆನ್ನಮ್ಮನ ಸೈನ್ಯ ಬ್ರಿಟಿಷರನ್ನು ಸೋಲಿಸಿದ, ಕಲೆಕ್ಟರ್ ಥ್ಯಾಕರೆ ಸತ್ತ ಜಾಗ. ಶಾಲೆಗೆ ಹೋಗುವ ಮಗುವಿಗೆ ಪಾಠದಲ್ಲಿ ಓದಿದ್ದು ಕಣ್ಣೆದುರು ಸಿಗುತ್ತದೆ. ಕೋಟೆ, ಮ್ಯೂಸಿಯಂ ಸೇರಿ ಒಂದೂವರೆ ಗಂಟೆ ಸಾಕು. ಬಿಸಿಲು ಇರುತ್ತದೆ, ಟೋಪಿ, ನೀರು ಮರೆಯಬೇಡಿ.

ಬೆಳಗಾವಿಯಲ್ಲಿ ಊಟ ಹಗುರಾಗಿ ಮುಗಿಸಿ, ಸಂಜೆ ಖಡೇಬಜಾರಿನಲ್ಲಿ ನಡೆದಾಡಿ. ಮಾತು ಕನ್ನಡಕ್ಕೂ ಮರಾಠಿಗೂ ಓಡಾಡುತ್ತಿರುತ್ತದೆ, ತಿಂಡಿಯೂ ಹಾಗೆಯೇ. 1924ರ ಕಾಂಗ್ರೆಸ್ ಅಧಿವೇಶನ ನಡೆದದ್ದು ಈ ಊರಲ್ಲೇ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಟಿಳಕವಾಡಿಯ ವೀರಸೌಧ ಅದರ ನೆನಪಿಗೆ ಕಟ್ಟಿದ್ದು.

ಬೆಳಗಾವಿಯ ಹಾಲಿನ ಸಿಹಿ ಕುಂದಾ ಶನಿವಾರ ಸಂಜೆ ಅಲ್ಲೇ ಸ್ವಲ್ಪ ತಿನ್ನಿ. ಮನೆಗೆ ಬೇಕಾದ್ದನ್ನು ಮಾತ್ರ ಭಾನುವಾರ ಹೊರಡುವ ಮುಂಚೆ ತಗೊಳ್ಳಿ. ಅದರಲ್ಲಿ ಹಾಲಿನ ಪಸೆ ಇರುತ್ತದೆ, ಮುಚ್ಚಿದ ಕಾರಿನ ಬಿಸಿಗೆ ಕೆಡುತ್ತದೆ. ಎ.ಸಿ. ಬರುವ ಕಡೆ, ಕಾಲ ಹತ್ತಿರ ಇಟ್ಟುಕೊಳ್ಳಿ, ಡಿಕ್ಕಿಯಲ್ಲಿ ಬೇಡ. ಮನೆಗೆ ಹೋದ ತಕ್ಷಣ ಫ್ರಿಜ್ಜಿಗೆ. ಪೇಡೆ ಇದಕ್ಕಿಂತ ತಾಳುತ್ತದೆ. ಬೆಲ್ಲ, ಅಂಟು, ಒಣಹಣ್ಣು ಹಾಕಿ ಮಾಡುವ ಕರದಂಟು ಎಲ್ಲಕ್ಕಿಂತ ಹೆಚ್ಚು ದಿನ ಇರುತ್ತದೆ, ಊರಲ್ಲಿ ಹಂಚೋಕೆ ಅದೇ ಸರಿ. ಮಂಡಿಗೆ ಸಿಕ್ಕರೆ ಒಂದಾದರೂ ರುಚಿ ನೋಡಿ. ಕಾಗದದಷ್ಟು ತೆಳ್ಳಗೆ, ಒಳಗೆ ಸಕ್ಕರೆ, ತುಪ್ಪ. ಅದರ ಮೇಲೆ ಬೇರೆ ಏನನ್ನೂ ಇಡಬೇಡಿ, ಪುಡಿಯಾಗುತ್ತದೆ.

ಈಗ ಗೋಕಾಕ. ಬೆಳಗಾವಿಯಿಂದ ಹೋಗೋಕೆ ಒಂದೂವರೆ ಗಂಟೆ, ವಾಪಸ್ ಅಷ್ಟೇ. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮ್ಮಿಕ್ಕುವುದನ್ನು ನೋಡಬೇಕು ಅಂದರೆ ಜುಲೈಯಿಂದ ಸೆಪ್ಟೆಂಬರ್ ಒಳಗೆ ಹೋಗಬೇಕು. ಬೇಸಿಗೆಯಲ್ಲಿ ಬರೀ ಬಂಡೆ ಕಾಣುತ್ತದೆ. ಕರದಂಟಿಗೋಸ್ಕರ ಮಾತ್ರ ಅಂದರೆ ಅಷ್ಟು ದೂರ ಬೇಡ, ಗೋಕಾಕದ ಕರದಂಟು ಬೆಳಗಾವಿಯಲ್ಲೇ ಸಿಗುತ್ತದೆ. ಮಳೆಗಾಲದಲ್ಲಿ ಹೋಗುವುದಾದರೆ ಸೋಮವಾರ ಒಂದು ರಜೆ ಹಾಕಿ ಸೇರಿಸಿಕೊಳ್ಳಿ. ಮೂರೇ ದಿನದಲ್ಲಿ ತುರುಕಿದರೆ ಭಾನುವಾರ ಇಡೀ ದಿನ ಅಮ್ಮ ಕಾರಲ್ಲೇ ಕೂತಿರಬೇಕಾಗುತ್ತದೆ.

ಭಾನುವಾರ ಬೆಳಿಗ್ಗೆ ಮಿಸಳ್ ಪಾವ್ ತಿಂದು, ಅಮ್ಮನಿಗೆ ಉಪ್ಪಿಟ್ಟು ಕೊಡಿಸಿ, ಹತ್ತೂವರೆಗೆ ಬೆಳಗಾವಿ ಬಿಡಿ. ಬೆಂಗಳೂರಿಗೆ 500 ಕಿ.ಮೀ. ಹೆಚ್ಚೇ ಇದೆ. ಮಧ್ಯಾಹ್ನ ಊಟಕ್ಕೆ ಹೈವೇ ಪಕ್ಕ ಎಲ್ಲಾದರೂ ಸರಳವಾಗಿ ಮುಗಿಸಿ, ನಾಲ್ಕರ ಸುಮಾರಿಗೆ ಮತ್ತೆ ದಾವಣಗೆರೆ ಒಳಗೆ ಹೋಗಿ. ಈಗ ದೋಸೆ ಅಲ್ಲ, ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮಂಡಕ್ಕಿ ಭಟ್ಟಿಗಳಿಗೇ ಹೆಸರಾದ ಊರು ಅದು, ಅಲ್ಲಿನ ಮಂಡಕ್ಕಿಯ ಗರಿಗರಿ ಬೇರೆ ಕಡೆ ಬರಲ್ಲ. ಸಂಜೆ ಹೊತ್ತಲ್ಲಿ ಬಾಣಲೆ ಒಲೆ ಮೇಲೆ ಇರುತ್ತದೆ. ಐದಕ್ಕೆ ಮತ್ತೆ ರಸ್ತೆ ಹಿಡಿಯಿರಿ.

ಭಾನುವಾರ ರಾತ್ರಿ ನೆಲಮಂಗಲದಿಂದ ಮುಂದೆ ಊರಿಗೆ ಹೋದವರೆಲ್ಲ ಒಟ್ಟಿಗೆ ವಾಪಸ್ ಬರುತ್ತಿರುತ್ತಾರೆ. ಎಂಟರ ಹೊತ್ತಿಗೆ ಅಲ್ಲಿಗೆ ಹೋಗಿ ಸಿಕ್ಕಿಹಾಕಿಕೊಳ್ಳುವ ಬದಲು ತುಮಕೂರು ದಾಟಿದ ಮೇಲೆ ಕ್ಯಾತಸಂದ್ರದಲ್ಲಿ ನಿಲ್ಲಿಸಿ, ತಟ್ಟೆ ಇಡ್ಲಿ ತಿಂದು ಆರಾಮಾಗಿ ಹೊರಡಿ. ಅಮ್ಮನಿಗೆ ರಾತ್ರಿ ಊಟವೂ ಆಗುತ್ತದೆ. ಯಾವ ತಿಂಗಳು ಹೊರಡುತ್ತೀರಿ ಅಂತ ಇಲ್ಲೇ ಹಾಕಿ ಸರ್, ಗೋಕಾಕ ಸೇರಿಸಬೇಕಾ ಬೇಡವಾ ಅದನ್ನು ನೋಡಿ ಹೇಳುತ್ತೇನೆ.