ದುಜಿಯಾಂಗ್ಯಾನ್: ಒಡ್ಡು ಉಳಿಯಿತು, ಊರು ಬಿತ್ತು

2008ರಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದ ಭೂಕಂಪದಲ್ಲಿ ಅಲ್ಲಿನ ದುಜಿಯಾಂಗ್ಯಾನ್ ಊರಿನ ಹಳೇ ನೀರಾವರಿ ಒಡ್ಡು ಕೊಚ್ಚಿಹೋಯ್ತಾ ಅಂತ ಕೇಳಿದ್ದೀರಿ. ಇಲ್ಲ, ಉಳಿಯಿತು. ಮಿನ್ ನದಿಯನ್ನು ಸೀಳುವ ‘ಮೀನಿನ ಬಾಯಿ’ ಒಡ್ಡು ಬಿರುಕು ಬಿಟ್ಟಿತು, ಅಷ್ಟೇ. ಕ್ರಿ.ಪೂ. 256ರ ಸುಮಾರಿಗೆ ಅಲ್ಲಿನ ಆಡಳಿತಾಧಿಕಾರಿ ಲೀ ಬಿಂಗ್ ಕಟ್ಟಿಸಿದ್ದು ಅಣೆಕಟ್ಟೇ ಅಲ್ಲವಲ್ಲ! ನದಿಯನ್ನು ತಡೆಯುವ ಬದಲು ಎರಡಾಗಿ ಹರಿಯಬಿಟ್ಟ. ಆಗ ಬಿದಿರಿನ ಬುಟ್ಟಿಗಳಿಗೆ ಕಲ್ಲು ತುಂಬಿ ಕಟ್ಟುತ್ತಿದ್ದರು. ಈಗ ಕಾಂಕ್ರೀಟ್ ಬಂದಿದೆ, ಆದರೂ ಒಡ್ಡು ತಗ್ಗಾಗಿಯೇ ಇದೆ. ಬೀಳೋಕೆ ಎತ್ತರ ಬೇಕಲ್ವಾ?

ಜಾಸ್ತಿ ಭಯ ಇದ್ದದ್ದು ಅದೇ ನದಿಯ ಮೇಲ್ಗಡೆಯ ಝಿಪಿಂಗ್‌ಪು ಅಣೆಕಟ್ಟಿನದು. 156 ಮೀಟರ್ ಎತ್ತರ. ಅದರ ಕಾಂಕ್ರೀಟ್ ಹೊದಿಕೆ ಬಿರಿಯಿತು, ಪುಣ್ಯಕ್ಕೆ ಒಡೆಯಲಿಲ್ಲ.

ಊರಿನ ಕಥೆಯೇ ಬೇರೆ. ಮೇ 12, ಅಲ್ಲಿ ಮಧ್ಯಾಹ್ನ 2.28. ಮಕ್ಕಳು ತರಗತಿಯಲ್ಲಿದ್ದ ಹೊತ್ತು. ಶಾಲೆಗಳೇ ಕುಸಿದವು. ಲೀ ಬಿಂಗ್ ನೆನಪಿನ ಎರ್ವಾಂಗ್ ದೇವಸ್ಥಾನವೂ ತುಂಬಾ ಹಾಳಾಯಿತು; ಅದನ್ನು ಆಮೇಲೆ ಮತ್ತೆ ಕಟ್ಟಿದ್ದಾರೆ.