ಹವ್ಯಾಸಕ್ಕೆ ಚಿನ್ನ ಜಾಲಿಸಲು ಎಂಥ ಪ್ಯಾನ್ ಕೊಳ್ಳಬೇಕು?

ಹೊಳೆ ಮರಳಿನಲ್ಲಿ ಸುಮ್ಮನೆ ಖುಷಿಗೆ ಚಿನ್ನ ಜಾಲಿಸಬೇಕೆಂದಿದ್ದೀರಿ. ಪ್ಯಾನ್ ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ, ಎಷ್ಟು ಅಗಲ ಎಂದು ಕೇಳಿದ್ದೀರಿ. ಒಂದೇ ಮಾತಿನಲ್ಲಿ ಹೇಳುವುದಾದರೆ, 14 ಇಂಚಿನ ಹಸಿರು ಪ್ಲಾಸ್ಟಿಕ್ ಪ್ಯಾನ್ ತಗೊಳ್ಳಿ. ಒಂದು ಬದಿಯಲ್ಲಿ ಆಳವಾದ ಮೆಟ್ಟಿಲುಗೆರೆಗಳಿರಲಿ, ಎದುರು ಬದಿ ನುಣುಪಾಗಿರಲಿ.

ನಾನು ಮೊದಲು ಕೊಂಡದ್ದು ಸ್ಟೀಲಿನದೇ. ಹಳೆಯ ಫೋಟೋಗಳಲ್ಲಿ ಗಡ್ಡದವರು ನೀರಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಹಿಡಿದಿರುತ್ತಾರಲ್ಲ, ಅದರ ಮೋಹ. ಸ್ಟೀಲ್ ಎಂದರೆ ಅಡುಗೆಮನೆಯ ಸ್ಟೀಲಲ್ಲ, ತುಕ್ಕು ಹಿಡಿಯುವ ಉಕ್ಕಿನ ತಗಡು. ಒರೆಸದೆ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಕೆಂಪಗಾಗಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಯಸ್ಕಾಂತದ್ದು. ಕೊನೆಗೆ ತಳದಲ್ಲಿ ಉಳಿಯುವ ಕಪ್ಪು ಮರಳಿನಲ್ಲಿ ಬಹುಪಾಲು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು ಇರುತ್ತದೆ, ಅಯಸ್ಕಾಂತದಿಂದ ಎತ್ತಿಬಿಡಬಹುದು. ಆದರೆ ಉಕ್ಕಿನ ಪ್ಯಾನಿನಲ್ಲಿ ಅಯಸ್ಕಾಂತ ಮರಳನ್ನು ಬಿಟ್ಟು ಪ್ಯಾನಿಗೇ ಹೋಗಿ ಅಂಟಿಕೊಳ್ಳುತ್ತದೆ! ಮರಳು ಒಣಗಿಸಲು ಪ್ಯಾನನ್ನೇ ಬೆಂಕಿಯ ಮೇಲಿಡಬಹುದು ಎಂಬುದೊಂದು ಅನುಕೂಲ. ಅಷ್ಟಕ್ಕೆ ಅದನ್ನು ಹೊತ್ತು ತಿರುಗುವುದು ಬೇಡ.

ಅಗಲದ ವಿಷಯದಲ್ಲಿ ದುರಾಸೆ ಬೇಡ. 14 ಇಂಚಿನದಕ್ಕೆ ಮುಕ್ಕಾಲು ಭಾಗ ಒದ್ದೆ ಜಲ್ಲಿ ಹಾಕಿದರೇ ಏಳೆಂಟು ಕಿಲೋ ತೂಗುತ್ತದೆ. 16 ಇಂಚಿನದಾದರೆ ಹತ್ತರ ಆಸುಪಾಸು. ನಾಲ್ಕನೇ ಪ್ಯಾನಿಗೆ ಮಣಿಕಟ್ಟು ಸೋಲುತ್ತದೆ, ಕೈ ಸೋತಾಗಲೇ ಚಿನ್ನ ಅಂಚು ದಾಟುವುದು.

ಬಣ್ಣ ಬರೀ ಚಂದಕ್ಕಲ್ಲ. ಕಪ್ಪು ಪ್ಯಾನಿನಲ್ಲಿ ಚಿನ್ನ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಕಪ್ಪು ಮರಳು ಎಷ್ಟು ಉಳಿದಿದೆ ಎಂಬುದು ತಿಳಿಯುವುದಿಲ್ಲ. ಹಸಿರಿನ ಮೇಲೆ ಎರಡೂ ಕಾಣುತ್ತವೆ.

ಇನ್ನು ಗೆರೆಗಳು. ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡರೆ, ಬಿಳಿ ಮರಳಿನ ಬೆಣಚುಕಲ್ಲಿನದು 2.65, ಮ್ಯಾಗ್ನಟೈಟಿನದು ಸುಮಾರು 5.2, ಅಪ್ಪಟ ಚಿನ್ನದ್ದು 19.3. ಹಾಗಾಗಿ ಬಿಳಿ ಮರಳು ತಾನಾಗಿ ತೊಳೆದುಹೋಗುತ್ತದೆ, ಕಾಟವೆಲ್ಲ ಕಪ್ಪು ಮರಳಿನದೇ. ಅದನ್ನು ಕಳೆಯುವಾಗ ಕೈ ತುಸು ಬಿರುಸಾದರೂ ಚಿನ್ನವನ್ನು ತಡೆದು ನಿಲ್ಲಿಸುವುದು ಈ ಮೆಟ್ಟಿಲುಗಳು. ಸುತ್ತಲೂ ಗೆರೆ ಇರುವ ಪ್ಯಾನ್ ಬೇಡ ಎನ್ನುತ್ತೇನೆ. ಕೊನೆಯಲ್ಲಿ ಒಂದು ಗುಟುಕು ನೀರು ಬಿಟ್ಟು ಮರಳನ್ನು ಬೀಸಣಿಗೆಯಂತೆ ಹರಡಿ ನೋಡಲು ನುಣುಪು ಜಾಗ ಬೇಕೇ ಬೇಕು.

ನಾನು ಪೆಟ್ಟು ತಿಂದು ಕಲಿತದ್ದು ಬೇರೆ. ಹೊಸ ಪ್ಲಾಸ್ಟಿಕ್ ಪ್ಯಾನನ್ನು ತೊಳೆಯದೆ ಹೊಳೆಗೆ ಒಯ್ದಿದ್ದೆ. ಅಚ್ಚಿನಿಂದ ಬಂದ ಎಣ್ಣೆಪಸೆ ಒಳಗೆ ಹಾಗೇ ಇತ್ತು. ಅರ್ಧ ಗಂಟೆ ಜಾಲಿಸಿದ ಮೇಲೆ ನೋಡಿದರೆ, ಸೂಜಿಮೊನೆಯಷ್ಟು ಚಿಕ್ಕ ಎರಡು ಹಳದಿ ಚಕ್ಕೆಗಳು ನೀರಿನ ಮೇಲೆ ತೇಲುತ್ತಿವೆ! ಕಾಗೆಬಂಗಾರವೇ ಇರಬೇಕೆಂದು ನೆರಳಿಗೆ ಹಿಡಿದೆ. ಅಭ್ರಕವಾದರೆ ನೆರಳಲ್ಲಿ ಮಂಕಾಗುತ್ತದೆ, ಇವು ಆಗಲಿಲ್ಲ. ಬೆರಳಿಂದ ಒತ್ತಿ ಮುಳುಗಿಸಲು ಹೋದೆ, ಒಂದು ಅಂಚು ದಾಟಿ ಹೋಗಿಯೇಬಿಟ್ಟಿತು. ಎಷ್ಟೇ ತೂಕದ ಲೋಹವಾಗಲಿ, ಚಕ್ಕೆ ಅಷ್ಟು ತೆಳುವಾಗಿದ್ದು ಜಿಡ್ಡು ತಗುಲಿದ್ದರೆ ನೀರಿನ ಮೇಲ್ಮೈ ಬಿಗಿತವೇ ಅದನ್ನು ಹೊತ್ತುಕೊಳ್ಳುತ್ತದೆ. ಬೆರಳಿನ ಜಿಡ್ಡೂ ಸಾಕು. ಆದ್ದರಿಂದ ಹೊಸ ಪ್ಯಾನನ್ನು ಪಾತ್ರೆ ತೊಳೆಯುವ ಸೋಪು ಮತ್ತು ನಯವಾದ ಮರಳು ಹಾಕಿ, ಹೊಳಪು ಹೋಗುವವರೆಗೆ ಉಜ್ಜಿ. ಒಳಮೈ ತುಸು ತರಿಯಾದಷ್ಟೂ ಚಿನ್ನ ನಿಲ್ಲುತ್ತದೆ. ಆದರೂ ತೇಲಿದರೆ ಒಂದೇ ಒಂದು ಹನಿ ಸೋಪು ಬಿಡಿ, ಚಕ್ಕೆ ಕೆಳಗಿಳಿಯುತ್ತದೆ.

ಕೊಂಡ ಮೇಲೆ ನೇರ ಹೊಳೆಗೆ ಹೋಗಬೇಡಿ. ಸೀಸದ ಸಣ್ಣ ಗುಂಡುಗಳನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಎಣಿಸಿ ಹತ್ತು ಚೂರು ಜಲ್ಲಿಯಲ್ಲಿ ಕಲಸಿ, ದೊಡ್ಡ ಟಬ್ಬಿನಲ್ಲಿ ಜಾಲಿಸಿ ನೋಡಿ. ಸೀಸದ ಸಾಂದ್ರತೆ 11.3, ಚಿನ್ನಕ್ಕಿಂತ ಹಗುರ. ಹತ್ತೂ ಉಳಿದರೆ ಚಿನ್ನವೂ ಉಳಿಯುತ್ತದೆ. ನನಗೆ ಮೊದಲ ಸಲ ಉಳಿದದ್ದು ಆರು. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ, ಟಬ್ಬಿನ ನೀರನ್ನು ಗಿಡಕ್ಕೆ ಚೆಲ್ಲಬೇಡಿ.

ಕೈಯಲ್ಲಿ ದುಡ್ಡು ಮಿಕ್ಕಿದರೆ ಎರಡನೇ ಪ್ಯಾನ್ ಬದಲು ಅದೇ ಪ್ಯಾನಿನ ಬಾಯಿಗೆ ಕೂರುವ ಜರಡಿ ತಗೊಳ್ಳಿ. ದಪ್ಪ ಕಲ್ಲು ಮೊದಲೇ ಹೊರಗುಳಿದರೆ ಜಾಲಿಸುವ ಹೊತ್ತು ಅರ್ಧಕ್ಕಿಳಿಯುತ್ತದೆ. ಜರಡಿಯಲ್ಲಿ ಉಳಿದ ಕಲ್ಲುಗಳನ್ನು ಎಸೆಯುವ ಮುಂಚೆ ಒಮ್ಮೆ ಕಣ್ಣಾಡಿಸಿ, ಚಿನ್ನದ ಗಟ್ಟಿ ಸಿಕ್ಕಿದರೆ ಅಲ್ಲೇ ಸಿಕ್ಕಬೇಕು.