ನೇಣು ಬೇಡವೆಂದರೆ ಆ ತಾಯಿಗೆ ಏನು ಹೇಳುತ್ತೀರಿ?

ಪ್ರಶ್ನೆ: ಫಾದರ್, ನಮ್ಮ ಪಕ್ಕದ ಊರಿನಲ್ಲಿ ಕಾಲೇಜು ಹುಡುಗಿಯೊಬ್ಬಳ ಕೊಲೆಯಾಯಿತು. ಕೊಂದವನಿಗೆ ಗಲ್ಲೇ ಆಗಬೇಕೆಂದು ಊರೆಲ್ಲ ಹೇಳುತ್ತಿದೆ. ಕಥೋಲಿಕ ಧರ್ಮಸಭೆ ಮಾತ್ರ ಮರಣದಂಡನೆಯೇ ಕೂಡದು ಎನ್ನುತ್ತದೆ. ‘ಜೀವಕ್ಕೆ ಜೀವ’ ಎಂದು ಬೈಬಲಿನಲ್ಲೇ ಇದೆಯಲ್ಲವೇ? ಪೋಪರ ರಾಜ್ಯದಲ್ಲೂ ತಲೆ ಕಡಿಯುತ್ತಿರಲಿಲ್ಲವೇ? ಮಗಳನ್ನು ಕಳೆದುಕೊಂಡ ತಾಯಿಗೆ ‘ಕ್ಷಮಿಸು’ ಎನ್ನಲು ನೀವು ಯಾರು?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಹಾಗೆನ್ನಲು ನಾನು ಯಾರೂ ಅಲ್ಲ. ಕೊಲೆಯಾದವರ ಮನೆಗಳಿಗೂ ಹೋಗಿದ್ದೇನೆ, ಕೊಂದವರನ್ನು ಜೈಲಿನಲ್ಲೂ ಕಂಡಿದ್ದೇನೆ. ‘ಅವನು ಸಾಯಬೇಕು ಫಾದರ್’ ಎಂದು ಅಳುವ ತಾಯಿಯ ಎದುರು ನಾನು ಉಪದೇಶ ಮಾಡಿಲ್ಲ, ಮಾಡುವುದೂ ಇಲ್ಲ. ಕ್ಷಮಿಸುವುದು, ಬಿಡುವುದು ಅವರಿಗೆ ಸೇರಿದ್ದು. ಧರ್ಮಸಭೆ ‘ಬೇಡ’ ಎನ್ನುತ್ತಿರುವುದು ಆ ತಾಯಿಗಲ್ಲ, ಸರ್ಕಾರಕ್ಕೆ.

ಚರಿತ್ರೆಯ ಬಗ್ಗೆ ನೀವು ಹೇಳಿದ್ದು ನಿಜ. ಪೋಪರೇ ದೊರೆಗಳಾಗಿದ್ದ ರಾಜ್ಯದಲ್ಲಿ ಜೊವಾನ್ನಿ ಬತ್ತಿಸ್ತಾ ಬುಗಾತ್ತಿ ಎಂಬ ವಧಕಾರನಿದ್ದ. 1796ರಿಂದ 1864ರವರೆಗೆ 516 ಮಂದಿಗೆ ಶಿಕ್ಷೆ ಜಾರಿ ಮಾಡಿದ ಲೆಕ್ಕ ಅವನ ಹೆಸರಿನಲ್ಲಿದೆ. ರೋಗ ಹಿಡಿದ ಅಂಗವನ್ನು ಕತ್ತರಿಸಿ ದೇಹವನ್ನು ಉಳಿಸುವಂತೆ ಅಪರಾಧಿಯನ್ನು ಕೊಂದು ಸಮಾಜವನ್ನು ಉಳಿಸಬಹುದು ಎಂದು ಸಂತ ಥಾಮಸ್ ಅಕ್ವಿನಾಸರೇ ವಾದಿಸಿದ್ದರು. 1929ರಲ್ಲಿ ವ್ಯಾಟಿಕನ್ ನಗರ ರಾಜ್ಯವಾದಾಗ, ಪೋಪರ ಹತ್ಯೆಗೆ ಯತ್ನಿಸಿದವರಿಗೆ ಮರಣದಂಡನೆ ಎಂಬ ಕಾನೂನೂ ಬಂತು. ಪೋಪ್ ಆರನೇ ಪೌಲರು 1969ರಲ್ಲಿ ಅದನ್ನು ತೆಗೆದುಹಾಕಿದರು. ಇದನ್ನೆಲ್ಲ ಮುಚ್ಚಿಡುವ ಪಾದ್ರಿಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ. ಗಲ್ಲಿನ ಮರವನ್ನು ತಾನೇ ನೆಟ್ಟಿದ್ದ ಸಂಸ್ಥೆ ಇಂದು ಅದು ಬೇಡವೆನ್ನುತ್ತಿದೆ ಎಂಬುದನ್ನು ಜನ ತಿಳಿಯಬೇಕು.

‘ಜೀವಕ್ಕೆ ಜೀವ’ ಎಂಬ ಮಾತು ವಿಮೋಚನಕಾಂಡದಲ್ಲಿದೆ. ಒಂದು ಜೀವಕ್ಕೆ ಇಡೀ ಕುಲವನ್ನೇ ಮುಗಿಸುತ್ತಿದ್ದ ಸೇಡಿಗೆ ಅದು ಹಾಕಿದ ಗಡಿ ಎಂದೇ ನಾನು ಓದುತ್ತೇನೆ. ಆದಿಕಾಂಡದಲ್ಲಿ ತಮ್ಮನನ್ನು ಕೊಂದ ಕಾಯಿನನಿಗೆ ದೇವರು ಶಿಕ್ಷೆ ಕೊಟ್ಟರು. ಆದರೆ ಅವನನ್ನು ಯಾರೂ ಕೊಲ್ಲದಂತೆ ಗುರುತನ್ನೂ ಹಾಕಿದರು.

ಬದಲಾವಣೆ ಒಂದೇ ದಿನದಲ್ಲಿ ಆದದ್ದಲ್ಲ. ಪೋಪ್ ಎರಡನೇ ಜಾನ್ ಪೌಲರು 1995ರ ಪರಿಪತ್ರದಲ್ಲಿ, ಅಪರಾಧಿಯನ್ನು ಸೆರೆಯಲ್ಲಿಟ್ಟು ಸಮಾಜವನ್ನು ಕಾಪಾಡಲು ಸಾಧ್ಯವಿರುವ ಕಾಲದಲ್ಲಿ ಕೊಲ್ಲಬೇಕಾದ ಸಂದರ್ಭ ಇಲ್ಲವೆನ್ನುವಷ್ಟು ವಿರಳ ಎಂದರು. 1999ರ ಜನವರಿಯಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋದಾಗ, ಮೂವರನ್ನು ಕೊಂದಿದ್ದ ಡ್ಯಾರೆಲ್ ಮೀಸ್ ಎಂಬ ಕೈದಿಗೆ ಜೀವದಾನ ನೀಡುವಂತೆ ಮಿಸೌರಿಯ ಗವರ್ನರ್ ಮೆಲ್ ಕಾರ್ನಹಾನ್ ಅವರನ್ನು ನೇರವಾಗಿ ಕೇಳಿಕೊಂಡರು. ಕಾರ್ನಹಾನ್ ಕಥೋಲಿಕರಲ್ಲ, ಬ್ಯಾಪ್ಟಿಸ್ಟರು, ಮರಣದಂಡನೆಯ ಪರವಾಗಿದ್ದವರು. ಆದರೂ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. 2018ರಲ್ಲಿ ಪೋಪ್ ಫ್ರಾನ್ಸಿಸ್, ಧರ್ಮಸಭೆಯ ಬೋಧನೆಗಳ ಅಧಿಕೃತ ಸಂಗ್ರಹವಾದ ಧರ್ಮೋಪದೇಶ ಗ್ರಂಥದ 2267ನೇ ಪರಿಚ್ಛೇದವನ್ನೇ ತಿದ್ದಿಸಿ, ಮರಣದಂಡನೆ ಎಂದೂ ಒಪ್ಪತಕ್ಕದ್ದಲ್ಲ ಎಂದು ಬರೆಸಿದರು. ಎಂಥ ಘೋರ ಅಪರಾಧ ಮಾಡಿದವನೂ ಮನುಷ್ಯನ ಘನತೆಯನ್ನು ಕಳೆದುಕೊಳ್ಳುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಇದನ್ನು ಒಪ್ಪದ ಕಥೋಲಿಕರು ಈಗಲೂ ಇದ್ದಾರೆ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನನ್ನೊಡನೆ ವಾದಿಸುವವರೂ ಇದ್ದಾರೆ.

‘ನಿಮ್ಮವರೇ ಸತ್ತಿದ್ದರೆ?’ ಎಂದು ಅವರು ಕೇಳುವಾಗ ನನಗೆ ನೆನಪಾಗುವುದು ಸಿಸ್ಟರ್ ರಾಣಿ ಮರಿಯಾ. ಕೇರಳದ ಪುಲ್ಲುವಳಿಯವರು. ಮಧ್ಯಪ್ರದೇಶದ ಉದಯನಗರದಲ್ಲಿ ಆದಿವಾಸಿಗಳನ್ನು ಸಾಲದ ಹಿಡಿತದಿಂದ ಬಿಡಿಸಲು ದುಡಿಯುತ್ತಿದ್ದರು. ಅದು ಅಲ್ಲಿನ ಬಲಾಢ್ಯರ ಕಣ್ಣು ಕೆಂಪಾಗಿಸಿತು. 1995ರ ಫೆಬ್ರುವರಿ 25ರಂದು ಇಂದೋರ್‌ಗೆ ಹೊರಟಿದ್ದ ಬಸ್ಸಿನಲ್ಲಿ, ಸಹಪ್ರಯಾಣಿಕರ ಕಣ್ಣೆದುರೇ, ಸಮಂದರ್ ಸಿಂಗ್ ಎಂಬಾತ ಚಾಕುವಿನಿಂದ ಇರಿದಿರಿದು ಕೊಂದ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 2002ರಲ್ಲಿ ರಾಣಿ ಮರಿಯಾ ಅವರ ತಂಗಿ ಸಿಸ್ಟರ್ ಸೆಲ್ಮಿ ಪೌಲ್ ಜೈಲಿಗೇ ಹೋಗಿ ಅವನಿಗೆ ರಾಖಿ ಕಟ್ಟಿದರು. ಅವನ ಬಿಡುಗಡೆಗೆ ಆ ಕುಟುಂಬವೇ ಮನವಿ ಮಾಡಿತು. 2006ರಲ್ಲಿ ಹೊರಬಂದ ಅವನು ಕೇರಳಕ್ಕೂ ಹೋಗಿ ಅವರನ್ನು ಕಂಡ. ಮಗಳನ್ನು ಇರಿದ ಆ ಕೈಗಳಿಗೆ ತಾಯಿ ಮುತ್ತಿಟ್ಟರು. 2017ರ ನವೆಂಬರ್ 4ರಂದು ಇಂದೋರ್‌ನಲ್ಲಿ ರಾಣಿ ಮರಿಯಾ ಅವರನ್ನು ಪುನೀತೆಯೆಂದು (ಸಂತ ಪದವಿಗೆ ಹಿಂದಿನ ಹಂತ) ಘೋಷಿಸಿದ ಸಮಾರಂಭಕ್ಕೂ ಅವನು ಬಂದಿದ್ದ.

ಆ ತಾಯಿಗೆ ಹಾಗೆ ಮಾಡೆಂದು ಯಾರೂ ಆಜ್ಞೆ ಮಾಡಿರಲಿಲ್ಲ. ನಿಮ್ಮ ಪಕ್ಕದೂರಿನ ತಾಯಿಗೆ ಇದು ಸಾಧ್ಯವಾಗದಿದ್ದರೆ ಅವರು ಕಡಿಮೆಯವರೂ ಅಲ್ಲ. ಆದರೆ ಇದನ್ನು ಯೋಚಿಸಿ: ಅವನನ್ನು ಗಲ್ಲಿಗೇರಿಸಿದ್ದರೆ ಸೆಲ್ಮಿ ಯಾರಿಗೆ ರಾಖಿ ಕಟ್ಟುತ್ತಿದ್ದರು? ಪಶ್ಚಾತ್ತಾಪಕ್ಕೆ ಬೇಕಾದ ವರ್ಷಗಳನ್ನೇ ನೇಣು ಕಿತ್ತುಕೊಳ್ಳುತ್ತದೆ. ತೀರ್ಪು ತಪ್ಪಾಗಿದ್ದರೆ ತಿದ್ದಿಕೊಳ್ಳುವ ದಾರಿಯನ್ನೂ ಮುಚ್ಚುತ್ತದೆ.

ಕೊಲೆಗಾರರನ್ನು ಸುಮ್ಮನೆ ಬಿಟ್ಟುಬಿಡಿ ಎಂದು ಧರ್ಮಸಭೆ ಹೇಳಿಲ್ಲ. ಜನರ ರಕ್ಷಣೆಗೆ ಬೇಕಾದ ಬಿಗಿಯಾದ ಸೆರೆಯ ವ್ಯವಸ್ಥೆ ಇದೆ ಎಂಬುದನ್ನು 2018ರ ತಿದ್ದುಪಡಿಯೂ ಹೇಳುತ್ತದೆ.

ಕೊನೆಗೊಂದು ಮಾತು. ಗಲ್ಲು ಬೇಕೆನ್ನುವ ಮೆರವಣಿಗೆ ಮುಗಿದ ಮೇಲೆ ಆ ಮನೆಯವರಿಗೆ ವಕೀಲರು, ಹಣ, ಜೊತೆಗೊಂದು ಜನ ಬೇಕಾಗುತ್ತದೆ. ಸಂತ್ರಸ್ತರ ಕುಟುಂಬಕ್ಕೆ ಪರಿಹಾರ ಕೊಡುವ ಯೋಜನೆ ಕಾನೂನಿನಲ್ಲೇ ಇದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 357ಎ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ. ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಅವರು ಹಾಕಿದ್ದಾರೆಯೇ ಎಂದು ವಿಚಾರಿಸಿ, ಇಲ್ಲದಿದ್ದರೆ ನೀವೇ ಜೊತೆಗೆ ಹೋಗಿ ಬರೆಸಿಕೊಡಿ.